ಮುನ್ನೂರು ಹಾಸಿಗೆಗಳ ಸತ್ಯ

ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಪ್ರವೇಶ ಬಯಸಿ ಬರುವವರಿಗೆ ಸತ್ಯವನ್ನಲ್ಲದೆ ಬೇರೇನನ್ನೂ ಹೇಳಲಾಗುವುದಿಲ್ಲ. ಇದು ಬಡಾಯಿಯಲ್ಲ. ಇಲಾಖೆಯ ಸುತ್ತೋಲೆ ಬಂದ ದಿನದಿಂದ ಇದೇ ನಮ್ಮ ಪದ್ಧತಿ. ಕಚೇರಿಯ ಅಧೀಕ್ಷಕನಾಗಿ, ವಾರ್ಷಿಕ ವರದಿ ಬರೆಯುವ ಹೊಣೆ ಹೊತ್ತವನಾಗಿ, ಇದಕ್ಕೆ ನಾನೇ ಸಾಕ್ಷಿ. ಅದಕ್ಕೂ ಮೊದಲು ಏನು ಹೇಳುತ್ತಿದ್ದಿರಿ ಎಂದು ಕೆಲವರು ಕೇಳುತ್ತಾರೆ. ಆಗ ಸುತ್ತೋಲೆ ಇರಲಿಲ್ಲ.

ಸುತ್ತೋಲೆ ಚಿಕ್ಕದಾಗಿತ್ತು. ‘ಪ್ರವೇಶಾತಿಯ ಸಮಯದಲ್ಲಿ ಭಾವಿ ವಿದ್ಯಾರ್ಥಿಗಳಿಗೆ ಹಾಗೂ ಅವರ ಪೋಷಕರಿಗೆ ನೀಡುವ ಪ್ರತಿಯೊಂದು ಮಾಹಿತಿಯೂ ಸತ್ಯವಾಗಿರತಕ್ಕದ್ದು. ತಪ್ಪಿದಲ್ಲಿ ಪ್ರವೇಶಾತಿಯನ್ನು ತಡೆಹಿಡಿಯಲಾಗುವುದು.’ ಆಡಳಿತ ಮಂಡಳಿಯ ತುರ್ತು ಸಭೆಯಲ್ಲಿ ಪ್ರಾಂಶುಪಾಲರು ಇದನ್ನು ಎರಡು ಸಲ ಓದಿದರು. ಎರಡನೇ ಸಲವೂ ಅದೇ ಅರ್ಥ ಬಂತು.

ಪ್ರಾಂಶುಪಾಲರು ಸಾಧು ಹೆಂಗಸು. “ಸರ್, ನಮ್ಮ ಪರಿಚಯ ಪುಸ್ತಿಕೆಯಲ್ಲಿ ನಿಜ ಅಲ್ಲದ ಸಾಲುಗಳನ್ನ ತೆಗೆದುಹಾಕಿದ್ರೆ ಆಯ್ತಲ್ಲ?” ಎಂದು ಕೆಂಪು ಪೆನ್ನು ಹಿಡಿದು ಕೂತರು. ಕಾಫಿ ತಣ್ಣಗಾಗುವ ಹೊತ್ತಿಗೆ ಪುಸ್ತಿಕೆಯಲ್ಲಿ ಕಾಲೇಜಿನ ವಿಳಾಸವೊಂದೇ ಉಳಿದಿತ್ತು. ಅದು ನಮ್ಮ ಹಳೆಯ ಕಟ್ಟಡದ ವಿಳಾಸ ಎಂಬುದನ್ನು ನಾನು ಸಭೆಯ ಗಮನಕ್ಕೆ ತಂದೆ.

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸತ್ಯಕ್ಕೆ ಸಾವಿಲ್ಲ ಅಂತಾರೆ. ಒಪ್ಪಿದೆ. ಕಾಲೇಜಿಗೆ ಇದೆಯಲ್ಲಪ್ಪ, ಅದಕ್ಕೇನು ಮಾಡೋಣ?”

ಆಗ ಮಾತಾಡಿದವರು ಅಧ್ಯಕ್ಷರ ಭಾವಮೈದುನ. ಇವರು ಹಿಂದೆ ಮನೆಮನೆಗೆ ನೀರು ಶುದ್ಧಿ ಮಾಡುವ ಯಂತ್ರ ಮಾರುತ್ತಿದ್ದರು. ಸುಳ್ಳು ಹೇಳಿ ಆ ಕೆಲಸ ಕಳೆದುಕೊಂಡಿದ್ದರಿಂದ ಸತ್ಯದ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು. “ಭಾವ, ಪುಸ್ತಿಕೆಗೆ ಯಾಕೆ ಕೈ ಹಾಕ್ತೀರ? ಪುಸ್ತಿಕೆ ಹೆಂಗಿದೆಯೋ ಹಂಗೇ ಇರಲಿ. ಕಾಲೇಜನ್ನ ಅದಕ್ಕೆ ಹೊಂದಿಸೋಣ. ಹಾವೂ ಸಾಯಬಾರದು, ಕೋಲೂ ಮುರೀಬಾರದು” ಎಂದರು. ಆ ಸಭೆಯಲ್ಲೇ ಅವರನ್ನು ಸತ್ಯಪಾಲನಾಧಿಕಾರಿಯಾಗಿ ನೇಮಿಸಲಾಯಿತು. ನೀರಿನ ಟ್ಯಾಂಕಿನ ಪಕ್ಕದ ಕೋಣೆ ಖಾಲಿ ಮಾಡಿಸಿ, ಬಾಗಿಲಿಗೆ ಹಿತ್ತಾಳೆಯ ಫಲಕ ಹಾಕಿಸಿದೆವು. ಅಲ್ಲಿದ್ದ ಪೊರಕೆ ಬಕೆಟ್ಟುಗಳನ್ನು ಗ್ರಂಥಾಲಯಕ್ಕೆ ಸಾಗಿಸಿದೆವು. ಅಲ್ಲಿ ಜಾಗಕ್ಕೆ ಕೊರತೆ ಇರಲಿಲ್ಲ.

ಅಧಿಕಾರಿಗಳು ಅಧಿಕಾರ ವಹಿಸಿಕೊಂಡ ದಿನವೇ ಮೂರು ನಿಯಮಗಳನ್ನು ಹೊರಡಿಸಿದರು. ಕೇಳದೆ ಇರುವ ಪ್ರಶ್ನೆಗೆ ಉತ್ತರ ಕೊಡುವುದು ಅಧಿಕಪ್ರಸಂಗ. ಕೇಳಿದ ಪ್ರಶ್ನೆಗೆ ಸತ್ಯವನ್ನೇ ಹೇಳತಕ್ಕದ್ದು. ಸತ್ಯ ದಾಸ್ತಾನಿನಲ್ಲಿ ಇಲ್ಲದಿದ್ದರೆ ಮೂರು ಕೆಲಸದ ದಿನಗಳೊಳಗೆ ಅದನ್ನು ತಯಾರಿಸಿ ಒದಗಿಸತಕ್ಕದ್ದು.

ತಯಾರಿಕೆ ಚುರುಕಾಗಿ ನಡೆಯಿತು. ‘ವಿದೇಶಿ ಸಂಬಂಧ ಹೊಂದಿದ ಏಕೈಕ ಕಾಲೇಜು’ ಎಂಬ ಸಾಲಿಗೆ ಆಧಾರವಾಗಿ ಅಧ್ಯಕ್ಷರ ಅಳಿಯ ವಿದೇಶದಿಂದ ತಮ್ಮ ಫೋಟೋ ಕಳಿಸಿದರು. ‘ಕಲಿತ ಪ್ರತಿಯೊಬ್ಬರಿಗೂ ಉದ್ಯೋಗ’ ಎಂದಿತ್ತು. ಆ ವರ್ಷದ ಪದವಿ ಪ್ರದಾನದ ದಿನ ಬೆಳಿಗ್ಗೆ ಎಲ್ಲ ಹುಡುಗಿಯರಿಗೂ ನಮ್ಮಲ್ಲೇ ನೇಮಕದ ಆದೇಶ ಕೊಟ್ಟು, ಸಂಜೆ ಅವರ ಸುದೀರ್ಘ ಸೇವೆಯನ್ನು ಸ್ಮರಿಸಿ ಬೀಳ್ಕೊಟ್ಟೆವು. ಕೆಲವರು ಅತ್ತರು. ಬೀಳ್ಕೊಡುಗೆ ಎಂದರೆ ಯಾರಿಗಾದರೂ ದುಃಖವಾಗುತ್ತದೆ.

ಇನ್ನು ‘ಮುನ್ನೂರು ಹಾಸಿಗೆಗಳ ಸ್ವಂತ ಆಸ್ಪತ್ರೆ’. ಈ ಒಂದು ವಿಷಯದಲ್ಲಿ ನಾವು ಮೊದಲಿನಿಂದಲೂ ಸತ್ಯವಂತರೇ. ಹಾಸಿಗೆಗಳು ಮುನ್ನೂರೂ ಇದ್ದವು. ಪ್ಲಾಸ್ಟಿಕ್ ಹೊದಿಕೆ ತೆಗೆಯದ್ದರಿಂದ ಒಂದಿಷ್ಟೂ ಕೊಳೆಯಾಗಿರಲಿಲ್ಲ. ರೋಗಿಗಳು ಮಾತ್ರ ಇರಲಿಲ್ಲ. ಉದ್ಘಾಟನೆಯ ದಿನ ಅತಿಥಿಗಳು ರಿಬ್ಬನ್ ಜೊತೆಗೆ ಬೆರಳನ್ನೂ ಕತ್ತರಿಸಿಕೊಂಡಿದ್ದರಿಂದ ನಮಗೆ ಒಬ್ಬ ರೋಗಿ ಸಿಕ್ಕಿದ್ದುಂಟು. ಅವರನ್ನು ಕೂಡಲೇ ಬೇರೆ ಆಸ್ಪತ್ರೆಗೆ ಸೇರಿಸಲಾಯಿತು.

ವಿಚಾರಣೆಯ ಕಿಟಕಿಯಲ್ಲಿ ಕೂರುವವರು ನಮ್ಮ ಫೋನಕ್ಕ. ಹಗಲೆಲ್ಲ ಫೋನು ಕಿವಿಯಲ್ಲೇ ಇರುವುದರಿಂದ ಆ ಹೆಸರು. ಎಷ್ಟೋ ವರ್ಷ ಜೇನಿನಂಥ ದನಿಯಲ್ಲಿ “ನಿಮ್ಮ ಮಗಳು ನಮ್ಮ ಮಗಳಿದ್ದ ಹಾಗೆ” ಎಂದು ಹೇಳಿ ಹೇಳಿ ಅವರಿಗೆ ಕೆಮ್ಮು ಬಂದಿತ್ತು. ಹೊಸ ನಿಯಮ ಅವರಿಗೆ ಹಿಡಿಸಿತು. ಹಾಸಿಗೆ ಎಷ್ಟು ಎಂದು ಜನ ಕೇಳುತ್ತಿದ್ದರು, ಮುನ್ನೂರು ಎಂದು ಅವರು ಹೇಳುತ್ತಿದ್ದರು. ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ. ಹಾಸಿಗೆಯ ಮೇಲೆ ಯಾರಿದ್ದಾರೆ ಎಂದು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಒಂದು ಸೋಮವಾರ ಇಸ್ತ್ರಿ ಅಂಗಡಿಯ ಹೆಂಗಸು ಮಗಳನ್ನು ಕರೆದುಕೊಂಡು ಬಂದಳು. ದೊಡ್ಡಾಸ್ಪತ್ರೆಯ ನರ್ಸುಗಳ ಬಿಳಿ ಉಡುಪುಗಳನ್ನು ಇಸ್ತ್ರಿ ಮಾಡುವವಳು. ಮುಂಗೈ ಮೇಲೆಲ್ಲ ಸುಟ್ಟ ಕಲೆಗಳು. “ಇಷ್ಟು ವರ್ಷ ಯಾರ್ಯಾರದೋ ಬಟ್ಟೆ ತಿಕ್ಕಿದೀನಿ ಕಣಕ್ಕಾ. ನನ್ನ ಮಗಳದ್ದೊಂದು ತಿಕ್ಕಬೇಕು ಅಂತ ಆಸೆ” ಎಂದಳು. ಹುಡುಗಿ ಮೆಟ್ಟಿಲ ಮೇಲೆ ನಿಂತು ಪುಸ್ತಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದಳು. ನಮ್ಮ ಪುಸ್ತಿಕೆಯನ್ನು ಯಾರಾದರೂ ಓದಿದ್ದು ನಾನು ಕಂಡದ್ದು ಅದೇ ಮೊದಲು. ನನಗೆ ಅಲ್ಲೇ ಅಪಶಕುನ ಅನ್ನಿಸಿತು.

“ಅಕ್ಕಾ, ಆಸ್ಪತ್ರೆಯಲ್ಲಿ ರೋಗಿಗಳು ಇದ್ದಾರಾ?” ಎಂದು ಕೇಳಿಬಿಟ್ಟಳು.

ಫೋನಕ್ಕ ಬಾಯಿ ತೆರೆದರು. ಒಳಗಿನಿಂದ ಸತ್ಯಪಾಲನಾಧಿಕಾರಿಗಳು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿಬಂದರು. “ಒಳ್ಳೆ ಪ್ರಶ್ನೆ ಕೇಳಿದೆ ಮಗಳೇ. ಅದಕ್ಕೆ ಸತ್ಯ ಸಿದ್ಧ ಆಗ್ತಿದೆ. ಗುರುವಾರ ಬಾ.”

“ಶುಕ್ರವಾರ ಸೇರೋಕೆ ಕೊನೇ ದಿನ ಸರ್, ಎಲ್ಲಾ ಕಾಲೇಜಲ್ಲೂ. ಇಲ್ಲಿ ಆಗಲ್ಲ ಅಂದ್ರೆ ನಾವು ಬೇರೆ ಕಡೆ ನೋಡ್ಬೇಕು. ಈ ವರ್ಷ ತಪ್ಪಿದ್ರೆ ನಾನೂ ಇಸ್ತ್ರಿ ಪೆಟ್ಟಿಗೆ ಹಿಡೀಬೇಕಾಗುತ್ತೆ. ನನಗೆ ಕೆಲಸ ಕಲೀಬೇಕು ಸರ್. ಹೆಸರಿಗೆ ಓದೋದು ಬೇಡ.”

ಹುಡುಗಿ ಒಳ್ಳೆಯವಳೇ. ಆದರೆ ಕಲಿಯಲೇಬೇಕೆಂದು ಹಟ ಹಿಡಿದು ಬರುವವರಿಂದ ವಿದ್ಯಾಸಂಸ್ಥೆಗಳಿಗೆ ಎಷ್ಟು ತೊಂದರೆಯೆಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಅಂದು ಮಧ್ಯಾಹ್ನವೇ ಸಭೆ ಸೇರಿತು. ನಾಟಕದ ಮಂದಿಯನ್ನು ಕರೆಸಿ ಮಲಗಿಸೋಣ ಎಂದರು ಲೆಕ್ಕಿಗರು. ಅಧಿಕಾರಿಗಳು ಕಿವಿ ಮುಚ್ಚಿಕೊಂಡರು. “ಛೆ ಛೆ, ನಟನೆ ಅಂದ್ರೆ ಸುಳ್ಳು. ನನ್ನ ಕುರ್ಚಿಗೆ ಮಸಿ ಬಳೀಬೇಡಿ. ರೋಗ ನಿಜವಾಗಿರಬೇಕು.” ಕೊನೆಗೆ ಮರುದಿನ ನಗರದಿಂದ ಒಬ್ಬ ನಿಜವಾದ ವೈದ್ಯರನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕರೆಸಿ, ಇಡೀ ಸಿಬ್ಬಂದಿಯನ್ನು ಪರೀಕ್ಷೆ ಮಾಡಿಸಲಾಯಿತು. ಫಲಿತಾಂಶ ನಮ್ಮ ನಿರೀಕ್ಷೆಗೂ ಮೀರಿತ್ತು. ಪ್ರಾಂಶುಪಾಲರಿಗೆ ರಕ್ತದೊತ್ತಡ, ಲೆಕ್ಕಿಗರಿಗೆ ಸೊಂಟ, ನನಗೆ ಸಕ್ಕರೆ, ಗ್ರಂಥಪಾಲಕರಿಗೆ ಹೇಳಿಕೊಳ್ಳಲಾಗದ್ದು. ಇಷ್ಟೊಂದು ಪ್ರತಿಭೆಯನ್ನು ನಮ್ಮೊಳಗೇ ಇಟ್ಟುಕೊಂಡು ಹೊರಗೆ ಹುಡುಕುತ್ತಿದ್ದೆವಲ್ಲ ಎಂದು ಅಧ್ಯಕ್ಷರು ಸಂತೋಷಪಟ್ಟರು. ಅಧ್ಯಕ್ಷರಿಗೆ ಯಾವ ಕಾಯಿಲೆಯೂ ಇಲ್ಲವೆಂದು ಪರೀಕ್ಷೆ ಮಾಡದೆಯೇ ಸರ್ವಾನುಮತದಿಂದ ಠರಾವು ಮಾಡಲಾಯಿತು.

ಸಂಜೆ ಸೂಚನಾ ಫಲಕಕ್ಕೆ ನಾನೇ ಪ್ರಕಟಣೆ ಅಂಟಿಸಿದೆ. ‘ಈ ಮೂಲಕ ತಿಳಿಯಪಡಿಸುವುದೇನೆಂದರೆ, ವಿಚಾರಣೆಯ ಕಿಟಕಿಯವರನ್ನು ಬಿಟ್ಟು ಉಳಿದ ಸಿಬ್ಬಂದಿ ವರ್ಗದವರು ತಮ್ಮ ತಮ್ಮ ಕಾಯಿಲೆಗಳೊಂದಿಗೆ ನಾಳೆ ಬೆಳಿಗ್ಗೆ ಕಚೇರಿ ವೇಳೆಗೆ ಸರಿಯಾಗಿ ಆಸ್ಪತ್ರೆಗೆ ದಾಖಲಾಗತಕ್ಕದ್ದು. ಗೈರುಹಾಜರಾದವರ ಆರೋಗ್ಯವನ್ನು ಗಂಭೀರವಾಗಿ ಪರಿಗಣಿಸಲಾಗುವುದು. ಕಾಯಿಲೆಯೇ ಕರ್ತವ್ಯವಾಗಿರುವುದರಿಂದ ಕಾಯಿಲೆ ರಜೆಯನ್ನು ಯಾರೂ ಕೇಳತಕ್ಕದ್ದಲ್ಲ.’

ಸುಳ್ಳೇಕೆ ಹೇಳಲಿ, ವಾರ್ಡಿನ ದಿನಗಳು ಸುಖವಾಗಿದ್ದವು. ಕಿಟಕಿಯ ಪಕ್ಕದ ಹಾಸಿಗೆ ನನ್ನದು. ಕಡತಗಳನ್ನು ದಿಂಬಿನ ಮೇಲಿಟ್ಟುಕೊಂಡು ಸಹಿ ಹಾಕುತ್ತಿದ್ದೆವು. ಟೀ ಹಾಸಿಗೆಗೇ ಬರುತ್ತಿತ್ತು. ಲೆಕ್ಕಿಗರು ಸೊಂಟ ನೋವೆಂದು ನರಳಿದಾಗಲೆಲ್ಲ ಅಧಿಕಾರಿಗಳು “ಸತ್ಯ, ಸತ್ಯ” ಎಂದು ತಲೆದೂಗುತ್ತಿದ್ದರು.

ಗುರುವಾರ ತಾಯಿ ಮಗಳು ಬಂದರು. ಅಧಿಕಾರಿಗಳು ಸ್ವತಃ ವಾರ್ಡಿನ ಬಾಗಿಲು ತೆರೆದು, “ನೋಡು ಮಗಳೇ, ಕಣ್ಣಾರೆ ನೋಡು. ಎಲ್ಲಾ ಅಪ್ಪಟ ರೋಗಿಗಳು” ಎಂದರು. ಹುಡುಗಿ ಹಾಸಿಗೆಯಿಂದ ಹಾಸಿಗೆಗೆ ನಡೆದು ಪ್ರಾಂಶುಪಾಲರ ಬಳಿ ನಿಂತಳು.

“ನೀವು ಪ್ರಿನ್ಸಿಪಾಲ್ ಅಲ್ವಾ ಮೇಡಂ? ಪುಸ್ತಕದಲ್ಲಿ ಫೋಟೋ ಇದೆ.”

“ಹೌದಮ್ಮ. ಬೀಪಿ ಕೂಡ ಇದೆ.”

“ನೀವೇ ಇಲ್ಲಿ ಮಲಗಿದ್ರೆ ಪಾಠ ಯಾರು ಮಾಡ್ತಾರೆ?”

ಪ್ರಾಂಶುಪಾಲರು ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡರು. “ರೋಗಿಯನ್ನ ಜಾಸ್ತಿ ಮಾತಾಡಿಸಬಾರದು ಕಣಮ್ಮ” ಎಂದರು. ವೈದ್ಯಶಾಸ್ತ್ರದ ಪ್ರಕಾರ ಇದೂ ಸತ್ಯವೇ.

ಹುಡುಗಿ ನೇರ ಹೊರಗೆ ಬಂದು ವಿಚಾರಣೆಯ ಕಿಟಕಿಗೆ ಹೋದಳು. ಒಳಗಿದ್ದ ರೋಗಿಗಳೆಲ್ಲ ಎದ್ದು ಅವಳ ಹಿಂದೆಯೇ ಓಡಿದೆವು. ಅವಳು ಕಿಟಕಿಯ ಸರಳು ಹಿಡಿದುಕೊಂಡು ಕೇಳಿದಳು: “ಅಕ್ಕಾ, ನಿಮ್ಮ ಮಗಳಾಗಿದ್ರೆ ಇಲ್ಲಿ ಸೇರಿಸ್ತಿದ್ರಾ?”

ಫೋನು ಬಡಿದುಕೊಳ್ಳುತ್ತಿತ್ತು. ಫೋನಕ್ಕ ಅದನ್ನು ಎತ್ತಿ ಪಕ್ಕಕ್ಕಿಟ್ಟರು. ಅಧಿಕಾರಿಗಳ ಕಡೆ ಒಂದು ಸಲ ನೋಡಿದರು. ಅವರು ಎರಡನೇ ನಿಯಮದಲ್ಲಿ ಎಲ್ಲಾದರೂ ಸಂದು ಇದೆಯೇ ಎಂದು ಆಕಾಶ ನೋಡುತ್ತಿದ್ದರು. ಇರಲಿಲ್ಲ, ಅವರೇ ಬರೆದದ್ದು.

“ಇಲ್ಲ ಕಂದಾ, ಸೇರಿಸ್ತಿರಲಿಲ್ಲ.”

“ಇಲ್ಲಿ ಓದಿದ್ರೆ ನನಗೆ ಕೆಲಸ ಬರುತ್ತಾ?”

“ಬರಲ್ಲ.”

ಫೋನಕ್ಕನ ಕಣ್ಣಲ್ಲಿ ನೀರಿತ್ತು. ನನಗೂ ಎದೆ ಹಿಂಡಿದಂತಾಯಿತು. ಒಂದು ಪ್ರವೇಶ ಕೈತಪ್ಪುವುದೆಂದರೆ ಸಾಮಾನ್ಯವೇ? ಹುಡುಗಿ ಉಸಿರುಬಿಟ್ಟಳು. ಮೂರು ದಿನದಿಂದ ಅವಳ ಮುಖದಲ್ಲಿದ್ದ ಗಂಟು ಸಡಿಲವಾಯಿತು. “ಥ್ಯಾಂಕ್ಸ್ ಅಕ್ಕಾ. ಬಾ ಅಮ್ಮ, ಹೋಗೋಣ. ನಾಳೆ ಒಂದು ದಿನ ಇದೆ” ಎಂದಳು.

ತಾಯಿ ಅಲ್ಲಾಡಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. “ಎಲ್ಲಿಗೆ ಹೋಗೋಣವೇ? ಊರಲ್ಲಿರೋ ಕಾಲೇಜೆಲ್ಲ ತಿರುಗಿದ್ವಿ. ಎಲ್ಲರೂ ಬೆಣ್ಣೆ ಹಚ್ಚೋರೇ. ‘ನಿಮ್ಮ ಮಗಳನ್ನ ಡಾಕ್ಟ್ರೇ ಕೈಮುಗಿಯೋ ಹಂಗೆ ತಯಾರು ಮಾಡ್ತೀವಿ’ ಅಂದ್ರು. ನಮ್ಮ ಕಷ್ಟ ಅರ್ಥ ಮಾಡ್ಕೊಂಡು ಒಂದು ನಿಜ ಹೇಳ್ದೋರು ಈ ತಾಯಿ ಒಬ್ಬರೇ. ನೀನು ಇಲ್ಲೇ ಓದ್ಬೇಕು.”

“ಅಮ್ಮಾ! ಕೆಲಸ ಬರಲ್ಲ ಅಂತ ಅವರೇ ಹೇಳಿದ್ರಲ್ಲ!”

“ಅದನ್ನೇ ನಾನೂ ಹೇಳ್ತಿರೋದು. ಯಾರು ಹೇಳ್ತಾರೆ ಹಂಗೆ? ಬಾಯಲ್ಲಿ ಇಷ್ಟು ಸತ್ಯ ಇರೋರು ಮೋಸ ಮಾಡ್ತಾರಾ?”

ಹುಡುಗಿ ವಾದ ಮಾಡಿದಳು, ಅತ್ತಳು, ಮೆಟ್ಟಿಲ ಮೇಲೆ ಕೂತುಬಿಟ್ಟಳು. ಫೋನಕ್ಕ ಕಿಟಕಿಯಿಂದ ಅರ್ಧ ಹೊರಗೆ ಬಂದು “ಬೇಡಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ, ಇಲ್ಲಿ ಸೇರಿಸಬೇಡ” ಎಂದು ಬೇಡಿಕೊಂಡರು. ಇಂಥ ಕಾಳಜಿ ಬೇರೆಲ್ಲಿ ಸಿಕ್ಕೀತು ಎಂದು ತಾಯಿ ಅಲ್ಲೇ ಪ್ರವೇಶದ ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು.

ಸತ್ಯಪಾಲನಾಧಿಕಾರಿಗಳು ಇದನ್ನೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ನೀರಿನ ಯಂತ್ರ ಮಾರಿದ ಅನುಭವದಲ್ಲಿ ಇಂಥದ್ದನ್ನು ಅವರು ಕಂಡಿರಲಿಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ ಹೆಬ್ಬಾಗಿಲಿನ ಮೇಲೆ ಫಲಕ ಎದ್ದಿತು: ‘ನಮ್ಮಲ್ಲಿ ಓದಿದರೆ ಕೆಲಸ ಬರುವುದಿಲ್ಲ. ನಂಬಿಕೆಗೆ ಇನ್ನೊಂದು ಹೆಸರು.’ ಹತ್ತು ಗಂಟೆಗೆ ಸಾಲು ರಸ್ತೆಯ ತಿರುವು ದಾಟಿತ್ತು. ಒಳಗೆ ಬಂದವರು ರೋಗಿಗಳಿಲ್ಲದ ವಾರ್ಡನ್ನು ನೋಡಿ, ಪೊರಕೆ ತುಂಬಿದ ಗ್ರಂಥಾಲಯವನ್ನು ನೋಡಿ, ಎಷ್ಟು ಮುಚ್ಚುಮರೆಯಿಲ್ಲದ ಜನ ಎಂದು ಬೆರಗಾದರು. ಒಬ್ಬ ತಂದೆಯಂತೂ ಇನ್ನೂ ಏನಾದರೂ ಇಲ್ಲದ್ದು ಇದೆಯೇ ಎಂದು ಆಸೆಯಿಂದ ಕೇಳಿದರು. ಪ್ರಯೋಗಾಲಯ ತೋರಿಸಲು ಹೋದೆವು. ಅದೂ ಇರಲಿಲ್ಲ.

ಸಿಬ್ಬಂದಿಯನ್ನು ಅಂದೇ ಗುಣಮುಖರೆಂದು ಘೋಷಿಸಿ ಮನೆಗೆ ಕಳಿಸಲಾಯಿತು. ಫೋನಕ್ಕ ರಾಜೀನಾಮೆ ಕೊಟ್ಟರು. ಅಧ್ಯಕ್ಷರು ಅದನ್ನು ಅಂಗೀಕರಿಸಲಿಲ್ಲ. ರಾಜೀನಾಮೆಯಲ್ಲಿ ಅವರು ಬರೆದಿದ್ದ ಕಾರಣಗಳು ಎಷ್ಟು ಸತ್ಯವಾಗಿದ್ದವೆಂದರೆ, ಅವನ್ನು ಮುಂದಿನ ಪರಿಚಯ ಪುಸ್ತಿಕೆಯ ಮುನ್ನುಡಿಯಾಗಿ ಅಚ್ಚು ಹಾಕಿಸಿದೆವು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಊರಿನ ಉಳಿದ ಕಾಲೇಜುಗಳಿಗೂ ಈಗ ಸತ್ಯದ ತುರಿಕೆ ಹತ್ತಿತು. ಎದುರು ರಸ್ತೆಯವರು ‘ನಮ್ಮಲ್ಲಿ ಅಧ್ಯಾಪಕರೇ ಇಲ್ಲ’ ಎಂದು ಹಾಕಿಸಿದರು. ಅವರ ಪಕ್ಕದವರು ‘ನಮ್ಮಲ್ಲಿ ಅಧ್ಯಾಪಕರೂ ಇಲ್ಲ, ಕಟ್ಟಡವೂ ಇಲ್ಲ’ ಎಂದರು. ನಮ್ಮ ಅಧಿಕಾರಿಗಳು ಖುದ್ದಾಗಿ ಹೋಗಿ ನೋಡಿದಾಗ ಅಲ್ಲೊಂದು ಗಟ್ಟಿಮುಟ್ಟಾದ ಕಟ್ಟಡವೂ, ಅದರೊಳಗೆ ಪಾಠ ಮಾಡುತ್ತಿದ್ದ ಇಬ್ಬರು ಅಧ್ಯಾಪಕರೂ ಸಿಕ್ಕಿಬಿದ್ದರು. ಭಾವಿ ವಿದ್ಯಾರ್ಥಿಗಳನ್ನು ಸುಳ್ಳು ಹೇಳಿ ವಂಚಿಸಿದ್ದಕ್ಕಾಗಿ ಇಲಾಖೆ ಆ ಕಾಲೇಜಿನ ಪ್ರವೇಶಾತಿಯನ್ನು ತಡೆಹಿಡಿಯಿತು. ನಮಗೆ ‘ಪಾರದರ್ಶಕ ಸಂಸ್ಥೆ’ ಎಂಬ ಪ್ರಶಸ್ತಿ ಬಂತು.

ಹುಡುಗಿ ನಮ್ಮಲ್ಲೇ ಓದಿದಳು. ದಿನಾ ಬೆಳಿಗ್ಗೆ ಗೆರೆ ಕೆಡದ ಬಿಳಿ ಉಡುಪಿನಲ್ಲಿ ಬಂದು ಮೊದಲ ಬೆಂಚಿನಲ್ಲಿ ಕೂರುತ್ತಿದ್ದಳು. ಎಲ್ಲೆಲ್ಲಿಂದಲೋ ಪುಸ್ತಕ ತಂದು ಓದಿದಳು, ಉಳಿದ ಹುಡುಗಿಯರಿಗೂ ಓದಿ ಹೇಳಿದಳು. ರಕ್ತನಾಳಗಳ ಹೆಸರೆಲ್ಲ ಅವಳಿಗೆ ಬಾಯಿಪಾಠ. ಇಂಜೆಕ್ಷನ್ ಕೊಡುವುದನ್ನು ಹಾಸಿಗೆಗಳ ಮೇಲೆ ಅಭ್ಯಾಸ ಮಾಡಿದಳು, ಹಾಸಿಗೆಗಳಿಗೇನೂ ಬರವಿರಲಿಲ್ಲ. ಒಂದು ದಿನ ನನ್ನ ಕೋಣೆಗೆ ಬಂದು, “ಸರ್, ದೊಡ್ಡಾಸ್ಪತ್ರೆಗೆ ಹೋಗಿ ಕಲಿಯೋಕೆ ನಮಗೊಂದು ಪತ್ರ ಕೊಡಿ. ನಿಜವಾದ ಕೈ ಮುಟ್ಟಿ ನೋಡ್ಬೇಕು ಸರ್” ಎಂದು ಕೇಳಿದಳು. ನಾನು ಸಹಾನುಭೂತಿಯಿಂದಲೇ ವಿವರಿಸಿದೆ: “ನಿನಗೆ ಕೆಲಸ ಬಂದ್ರೆ ನಮ್ಮ ಮಾತು ಸುಳ್ಳಾಗುತ್ತಲ್ಲಮ್ಮ. ಸಂಸ್ಥೆಯ ಮರ್ಯಾದೆ ಪ್ರಶ್ನೆ.” ಅವಳು ನಮಸ್ಕಾರ ಮಾಡಿ ಹೊರಟಳು. ಆಮೇಲೆ ಬಂದು ಕೇಳಲಿಲ್ಲ.

ಅವಳಿಗೆ ಕೊಟ್ಟ ಪ್ರಮಾಣಪತ್ರದಲ್ಲಿ ನಿಯಮದಂತೆ ಬರೆದೆವು: ‘ಪರೀಕ್ಷೆಯಲ್ಲಿ ಮೊದಲ ಸ್ಥಾನ. ಕೆಲಸ ಬರುವುದಿಲ್ಲ.’ ದೊಡ್ಡಾಸ್ಪತ್ರೆಯವರು ಅದನ್ನು ಓದಿ ಕೂಡಲೇ ಅವಳನ್ನು ತೆಗೆದುಕೊಂಡರು. ಬೇರೆ ಕಾಲೇಜಿನವರು ಬರುತ್ತದೆ ಎಂದು ಬರೆದುಕೊಟ್ಟಿದ್ದನ್ನು ನಂಬಿ ನಂಬಿ ಆಸ್ಪತ್ರೆಯವರಿಗೆ ಸಾಕುಸಾಕಾಗಿತ್ತಂತೆ.

ಹೋದ ತಿಂಗಳು ನಾನು ಜ್ವರದಿಂದ ಕಚೇರಿಯ ಮೇಜಿನ ಮೇಲೆಯೇ ಕುಸಿದೆ. ನಮ್ಮ ಆಸ್ಪತ್ರೆ ಕೂಗಳತೆಯಲ್ಲೇ ಇದ್ದರೂ, ನಾನು ಬದುಕಬೇಕೆಂಬುದು ಆಡಳಿತ ಮಂಡಳಿಯ ಅಪೇಕ್ಷೆಯಾಗಿದ್ದರಿಂದ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಕಣ್ಣು ಬಿಟ್ಟಾಗ ಹಾಸಿಗೆಯ ಪಕ್ಕದಲ್ಲಿ ಅವಳು ನಿಂತಿದ್ದಳು. ಕೈಯಲ್ಲಿ ಸೂಜಿ, ಕಂಬದಲ್ಲಿ ಗ್ಲೂಕೋಸ್ ಬಾಟಲಿ.

“ಸರ್, ನಿಮಗೆ ಡ್ರಿಪ್ ಹಾಕ್ಬೇಕು. ಬೇಗ ಹಾಕ್ಬೇಕು ಅಂದಿದ್ದಾರೆ ಡಾಕ್ಟ್ರು” ಎಂದಳು. ಆಮೇಲೆ ದನಿ ತಗ್ಗಿಸಿ, “ನನಗೆ ನರ ಹಿಡಿಯೋಕೆ ಬರಲ್ಲ ಸರ್” ಎಂದಳು.

“ಬೇರೆ ಯಾರಾದ್ರೂ ಇದ್ದಾರೇನಮ್ಮ?”

“ಇದ್ದಾರೆ. ಇನ್ನೂ ನಾಲ್ಕು ಜನ. ಅವರೂ ನಮ್ಮ ಕಾಲೇಜೇ ಸರ್.”

ಅವಳು ಸೂಜಿಯ ಮುಚ್ಚಳ ತೆಗೆದಳು. ಕಣ್ಣು ತುಂಬಿಕೊಂಡಿತ್ತು. ನನಗೆ ಜ್ವರದಲ್ಲೂ ಹೆಮ್ಮೆಯಿಂದ ಎದೆ ಉಬ್ಬಿತು. ಎಷ್ಟು ಕಾಲೇಜುಗಳ ಹುಡುಗಿಯರು ರೋಗಿಯ ಮುಖಕ್ಕೆ ಹೀಗೆ ನಿಜ ಹೇಳಿಯಾರು? ನಾನು ಬಲಗೈ ಚಾಚಿದೆ. ಅವಳು ಚುಚ್ಚಿದಳು, ಸಿಗಲಿಲ್ಲ ಎಂದಳು. ಕೆಳಗೆ ಚುಚ್ಚಿದಳು, ಅಲ್ಲೂ ಇಲ್ಲ ಎಂದಳು. ಮಣಿಕಟ್ಟಿನ ಹತ್ತಿರ ಚುಚ್ಚಿ, “ನರ ಒಡೀತು ಸರ್” ಎಂದು ಅಳುತ್ತಲೇ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಪಕ್ಕದ ಹಾಸಿಗೆಯಿಂದ ಇದನ್ನೆಲ್ಲ ನೋಡುತ್ತಿದ್ದ ಮುದುಕರೊಬ್ಬರು, “ಈ ಕಾಲದಲ್ಲಿ ಇಂಥ ಪ್ರಾಮಾಣಿಕ ಮಗು ಎಲ್ಲಿ ಸಿಗುತ್ತೆ? ನನಗೂ ಇವಳೇ ಹಾಕಲಿ” ಎಂದು ಅಂಗಿಯ ತೋಳು ಮಡಚತೊಡಗಿದರು.

“ಈ ಕೈಯಲ್ಲಿ ಇನ್ನು ಜಾಗ ಇಲ್ಲ ಸರ್” ಎಂದಳು ಅವಳು.

ನಾನು ಇನ್ನೊಂದು ಕೈ ಕೊಟ್ಟೆ.